ಹೂವಿನ ದಾರದಲ್ಲಿ ಅಳೆದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದಕ್ಕಿತ್ತು. ಉಳಿದ ಒಂಬತ್ತು ಬೆರಳುಗಳ ಉಗುರನ್ನು ಚರ್ಮಕ್ಕೆ ತಾಗುವ ಹಾಗೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಮಾತ್ರ ದಪ್ಪಗೆ, ಹಳದಿ ತಿರುಗಿ, ತುದಿಯಲ್ಲಿ ಕಪ್ಪು ಗೆರೆ ಕಟ್ಟಿಕೊಂಡು ಹುಣಸೆಹಣ್ಣಿನ ಒಣ ಸಿಪ್ಪೆಯ ಹಾಗೆ ಬಾಗಿತ್ತು. ಮೊದಲ ಸಲ ನೋಡಿದಾಗ ನನಗೆ ಅಸಹ್ಯವೇ ಆಯಿತು. ಅಡುಗೆ ಮಾಡುವವಳ ಕಣ್ಣಿಗೆ ಮೊದಲು ಬೀಳುವುದು ಎದುರಿಗಿರುವವರ ಉಗುರು. ಅದು ಅವರ ಕೆಲಸದ ಸಲಕರಣೆ ಎಂದು ತಿಳಿದದ್ದು ಆಮೇಲೆ.

ಯಶವಂತಪುರ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಎರಡು ಕೈ ಚಾಚಿದರೆ ಎರಡು ಗೋಡೆ ಸಿಗುವಷ್ಟು ಅಗಲ. ಪಕ್ಕದಲ್ಲಿ ಒಬ್ಬಳು ಹೂವಿನವಳು. ಕಾರು, ಲಾರಿ, ಟೆಂಪೊ, ಯಾವುದರದೇ ಆಗಲಿ ರಬ್ಬರ್ ಬುಷ್ ಅವರಲ್ಲಿ ಸಿಗುತ್ತಿತ್ತು. ಬೇರೆ ಏನೂ ಸಿಗುತ್ತಿರಲಿಲ್ಲ. ತಂತಿಗೆ ಪೋಣಿಸಿ ಸೂರಿನಿಂದ ಇಳಿಬಿಟ್ಟಿರುತ್ತಿದ್ದರು. ಆಂಜನೇಯನಿಗೆ ವಡೆಯ ಹಾರ ಹಾಕಿಸಿ ಅಭ್ಯಾಸವಿದ್ದ ನನಗೆ, ಯಾರೋ ವಡೆಗಳನ್ನು ಪೂರ್ತಿ ಸೀಯಿಸಿ ನೇತುಹಾಕಿದ್ದಾರೆ ಅನ್ನಿಸಿತ್ತು.

ಅಂಥ ಅಂಗಡಿಗೆ ನನ್ನಂಥವಳು ಹೋದದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು.

ನಮ್ಮವರು ಆರೋಗ್ಯವಾಗಿದ್ದ ಕಾಲದಲ್ಲಿ ಕಾರಿನ ಹುಚ್ಚಿನವರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಭಾನುವಾರ ಬಂದರೆ ಮತ್ತಿಕೆರೆಯ ನಮ್ಮ ಮನೆಯ ಮುಂದಿನ ಹೊಂಗೆ ಮರದಡಿ ಗೋಣಿಚೀಲ ಹಾಸಿ ಕಾರಿನ ಕೆಳಗೆ ಮಲಗಿಬಿಡುತ್ತಿದ್ದರು. ಊಟಕ್ಕೆ ಕರೆಯಲು ಹೋದರೆ ನಾನು ಎರಡು ಕಾಲುಗಳ ಜೊತೆ ಮಾತಾಡಿ ಬರಬೇಕಿತ್ತು.

ಕಾರಿನ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಒಂದು ಬಾಗಿದ ಉಕ್ಕಿನ ಕಂಬಿ ಇರುತ್ತದೆ. ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲದ ಹಾಗೆ ಹಿಡಿಯುವುದು ಅದರ ಕೆಲಸ. ಸ್ವೇ ಬಾರ್ ಅನ್ನುತ್ತಾರೆ. ಕಂಬಿ ಕಾರಿನ ಮೈಗೆ ಕೂರುವ ಎರಡು ಕಡೆ ಎರಡು ರಬ್ಬರ್ ಬುಷ್, ಒಂದು ಕಡೆ ಸೀಳಿದ ದಪ್ಪ ಬಳೆಯಂಥವು, ಉಕ್ಕಿಗೆ ಉಕ್ಕು ತಾಗದ ಹಾಗೆ. ಕಂಪನಿ ಕೊಟ್ಟ ಕಂಬಿ ತೆಳ್ಳಗಿದೆ ಎಂದು ನಮ್ಮವರು ಅದನ್ನು ತೆಗೆದು, ಹೊರಗಿನಿಂದ ದಪ್ಪ ಕಂಬಿ ತಂದು ಹಾಕಿದ್ದರು. "ಇನ್ಮೇಲೆ ಕಾಫಿ ಲೋಟ ಹಿಡ್ಕೊಂಡ್ ಕೂತ್ಕೊ, ಒಂದು ತೊಟ್ಟೂ ಚೆಲ್ಲಲ್ಲ" ಎಂದಿದ್ದರು. ಚೆಲ್ಲಿತು. ಆದರೆ ಸ್ವಲ್ಪವೇ.

ಆಮೇಲೆ ಅವರ ಮೂತ್ರಪಿಂಡಗಳು ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಹೆಬ್ಬಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾಲ್ಕು ಗಂಟೆ ಯಂತ್ರದ ಪಕ್ಕ ಅಲುಗಾಡದೆ ಮಲಗಬೇಕು. ನಮಗೆ ಮಕ್ಕಳಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ದೇವರಲ್ಲಿ ದೊಡ್ಡದನ್ನು ಕೇಳುವುದನ್ನು ಬಿಟ್ಟು, ಸಿಕ್ಕ ಸಣ್ಣದನ್ನು ಎಣಿಸುವುದನ್ನು ಅಭ್ಯಾಸ ಮಾಡಿಕೊಂಡದ್ದೂ ಆಗಲೇ. ಸೂಜಿ ಮೊದಲ ಸಲಕ್ಕೇ ನರಕ್ಕೆ ಸಿಕ್ಕಿತು, ಒಂದು. ಲಿಫ್ಟ್ ಕೆಟ್ಟಿರಲಿಲ್ಲ, ಎರಡು. ಗೇಟಿನ ಹತ್ತಿರ ನೆರಳಿನಲ್ಲಿ ಗಾಡಿ ನಿಲ್ಲಿಸಲು ಜಾಗವಿತ್ತು, ಮೂರು. ಸಂಜೆ ದೀಪ ಹಚ್ಚುವಾಗ ಅವನ್ನು ಒಂದೊಂದಾಗಿ ದೇವರಿಗೆ ಒಪ್ಪಿಸುತ್ತಿದ್ದೆ. ಸಂತೋಷವೇನೂ ಆಗುತ್ತಿರಲಿಲ್ಲ. ದುಃಖವೂ ಆಗುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ನಡೆಯುವುದಿಲ್ಲವೇ, ಹಾಗೆ ದಿನಗಳು ನಡೆಯುತ್ತಿದ್ದವು.

ಆ ವರ್ಷ ಆಯುಧಪೂಜೆಯ ಹೊತ್ತಿಗೆ ಕಾರಿನಡಿಯಿಂದ ಕಿರ್ ಕಿರ್ ಎಂದು ಸದ್ದು ಬರತೊಡಗಿತು. "ಬುಷ್ ಒಣಗಿದೆ" ಎಂದರು ನಮ್ಮವರು. ಕೆಳಗೆ ಮಲಗಿ ನೋಡುವ ಶಕ್ತಿ ಅವರಿಗಿರಲಿಲ್ಲ. ಹಬ್ಬದ ದಿನ ನಾನೇ ಕಾರು ತೊಳೆದು, ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಬುಷ್ ಕಾಣುತ್ತಿತ್ತು. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇವೆ, ಇದಕ್ಕೂ ಅಷ್ಟೇ ಅಂದುಕೊಂಡೆ. ದೇವರ ದೀಪದಲ್ಲಿ ಉಳಿದಿದ್ದ ಎಳ್ಳೆಣ್ಣೆಯನ್ನು ಹೊಲಿಗೆ ಯಂತ್ರದ ಎಣ್ಣೆ ಡಬ್ಬಿಗೆ ತುಂಬಿ, ಅದರ ಉದ್ದ ಮೂತಿಯಿಂದ ಎರಡೂ ಬುಷ್‌ಗಳಿಗೆ ಬಿಟ್ಟೆ. ದೇವರ ಮುಂದೆ ಉರಿದ ಎಣ್ಣೆ ಕೆಡುಕು ಮಾಡುತ್ತದೆಯೇ?

ಸದ್ದು ನಿಂತಿತು. ಆ ಸಂಜೆ ಅದನ್ನೂ ಎಣಿಸಿದೆ. ಆಮೇಲೆ ಪ್ರತಿ ಶನಿವಾರ ಆಸ್ಪತ್ರೆಗೆ ಹೊರಡುವ ಮೊದಲು, ನಮ್ಮವರು ಅಂಗಿ ಹಾಕಿಕೊಳ್ಳುವಷ್ಟರಲ್ಲಿ, ಬುಷ್‌ಗೆ ಎಣ್ಣೆ ಬಿಡುವುದೂ ಒಂದು ಪೂಜೆಯಾಯಿತು. ಅವರಿಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ಸಂಗತಿ ಅನ್ನಿಸಿರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಕಿರ್ ಕಿರ್ ಹೋಗಿ ಟಕ್ ಟಕ್ ಬಂತು. ರಸ್ತೆಯ ಹಂಪು ಹತ್ತಿದರೆ ಟಕ್, ಇಳಿದರೆ ಟಕ್. ಒಂದೊಂದು ಸಲವೂ ನಮ್ಮವರ ಮುಖ ಹಿಂಡಿಕೊಳ್ಳುತ್ತಿತ್ತು. ನಮ್ಮ ಬೀದಿಯ ಮೆಕ್ಯಾನಿಕ್ ಕಾರಿನ ಹೆಸರು ಹೇಳಿ ಹೊಸ ಬುಷ್ ತರಿಸಿದ. ಅದು ಕಂಪನಿಯ ತೆಳ್ಳನೆಯ ಕಂಬಿಗೆ ಮಾಡಿದ್ದು. ನಮ್ಮವರ ದಪ್ಪ ಕಂಬಿಗೆ ಅದು ಮುಚ್ಚಿಕೊಳ್ಳಲೇ ಇಲ್ಲ.

"ಬಿಡಿ ಮೇಡಂ, ಈ ಕಂಬಿ ಇಲ್ದೇನೂ ಗಾಡಿ ಓಡುತ್ತೆ" ಎಂದವನೇ ಕಂಬಿಯನ್ನೇ ಬಿಚ್ಚಿ ವರಾಂಡದಲ್ಲಿಟ್ಟು ಹೋದ.

ಓಡಿತು. ಆದರೆ ಮಂಗಳವಾರ ಡಯಾಲಿಸಿಸ್ ಮುಗಿಸಿ ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಸುತ್ತು ತಿರುವಿನಲ್ಲಿ ಕಾರು ದೋಣಿಯ ಹಾಗೆ ವಾಲಿತು. ಡಯಾಲಿಸಿಸ್ ಆದ ಮೇಲೆ ಅವರಿಗೆ ಮೈಯಲ್ಲಿ ತ್ರಾಣವಿರುವುದಿಲ್ಲ, ತಲೆ ತಿರುಗುತ್ತಿರುತ್ತದೆ. ಸೂಜಿ ಚುಚ್ಚಿದ ಕೈ ಬಾಗಿಲಿಗೆ ಬಡಿದು ಪಟ್ಟಿಯಲ್ಲಿ ರಕ್ತ ಜಿನುಗಿತು. ಅಂಗಿಯ ಮೇಲೇ ವಾಂತಿ ಮಾಡಿಕೊಂಡರು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ನಾನು ನಿಲ್ಲಿಸುವಂತಿರಲಿಲ್ಲ.

ಗುರುವಾರ ಬೆಳಿಗ್ಗೆ ಅವರು ಮಂಚದ ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ನಾನಿನ್ನು ಬರಲ್ಲ."

"ಆಟೋದಲ್ಲಿ ಹೋಗೋಣ್ವಾ?"

"ಆಟೋದಲ್ಲಿ ರೋಡಿನ ಒಂದೊಂದು ಕಲ್ಲೂ ಬೆನ್ನಿಗೆ ತಾಕುತ್ತೆ."

"ಟ್ಯಾಕ್ಸಿ ಕರೀತೀನಿ."

"ಯಾವ್ದೂ ಬೇಡ ಕಣೇ. ಸೂಜಿ ತಡ್ಕೋತೀನಿ. ದಾರಿ ತಡ್ಕೊಳಕ್ಕಾಗಲ್ಲ."

ಎಷ್ಟು ಹೇಳಿದರೂ ಏಳಲಿಲ್ಲ. ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ಫೋನ್ ಮಾಡಿ, "ಮೇಡಂ, ಇವತ್ತಿಂದು ಹೋಯ್ತು. ಶನಿವಾರನೂ ತಪ್ಪಿಸಿದ್ರೆ ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ಳುತ್ತೆ, ಆಮೇಲೆ ನಮ್ಮನ್ನ ಕೇಳ್ಬೇಡಿ" ಎಂದಳು. ಸಂಜೆಗೆ ಅವರ ಪಾದ ಊದಿತ್ತು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಆ ಕಂಬಿ, ಅದನ್ನು ಕಾರಿಗೆ ಬಿಗಿಯುವ ಹಿಡಿಕೆಗಳು, ಹಳೆಯ ಎರಡು ಬುಷ್, ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಯಶವಂತಪುರಕ್ಕೆ ಹೋದೆ. ಕಂಬಿ ಎರಡು ಪಕ್ಕವೂ ಆಟೋದಿಂದ ಹೊರಗೆ ಚಾಚಿತ್ತು. ಎರಡು ಅಂಗಡಿಯವರು ಕಾರಿನ ಹೆಸರು ಕೇಳಿ ಅದೇ ತೆಳ್ಳನೆಯ ಬುಷ್ ತೋರಿಸಿದರು. ಮೂರನೆಯವನು, "ಇದಕ್ಕೆಲ್ಲ ಹೂವಿನಂಗಡಿ ಪಕ್ಕದ ಮುದುಕ್ರೇ ಸರಿ" ಎಂದು ಕೈ ತೋರಿಸಿದ.

ಕಂಬಿಯನ್ನು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ ನನ್ನನ್ನು ನೋಡಿ ಹೂವಿನವಳು ಕಟ್ಟುವುದನ್ನು ನಿಲ್ಲಿಸಿದಳು.

"ಏನಮ್ಮಾ ಬಿಲ್ಲು ಎತ್ಕೊಂಡು ಒಂಟಿದೀಯ, ಯಾವ ಯುದ್ಧಕ್ಕೆ?"

ಅಂಗಡಿಯ ಮುಂದೆ ಕಾಲೇಜಿನ ಇಬ್ಬರು ಹುಡುಗರು ನಿಂತಿದ್ದರು. ಒಬ್ಬ ಇನ್ನೊಬ್ಬನಿಗೆ, "ಮಗಾ, ಕೆಂಪುದೇ ತಗೊಳೋ, ಸಖತ್ತಾಗಿರುತ್ತೆ" ಅನ್ನುತ್ತಿದ್ದ. ಕೆಂಪನೆಯದು ಪಾಲಿಯುರೆಥೇನ್ ಬುಷ್, ರಬ್ಬರಿಗಿಂತ ಗಟ್ಟಿ, ಹೆಚ್ಚು ಬಾಳಿಕೆ ಬರುವಂಥದ್ದು.

"ಗಾಡಿ ಕೆಳಗಾಕೋ ಸಾಮಾನು" ಎಂದರು ಅಂಗಡಿಯವರು. "ಅದ್ರ ಕಲರ್ ಯಾರ್ ನೋಡ್ತಾರೆ ಮಗಾ? ನಿಮ್ ಬೀದಿ ನಾಯೀನಾ?"

ಹುಡುಗರು ನಕ್ಕು ಕೆಂಪನೆಯದನ್ನೇ ತೆಗೆದುಕೊಂಡು ಹೋದರು. ನನ್ನ ಸರದಿ ಬಂತು. ನಾನು ಕಾರಿನ ಹೆಸರು, ವರ್ಷ ಎಲ್ಲ ಹೇಳಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಬಾಯಲ್ಲಿ ಏಳ್ಬ್ಯಾಡಿ ತಾಯಿ. ಮೇಜಿನ ಮೇಲಿಡಿ."

ಯಲಹಂಕದ ಆಚೆಯ ಯಾವುದೋ ಹಳ್ಳಿಯವರು ಅವರು. ಹಕಾರ ಅವರ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಎಂಥ ಗಿರಾಕಿ ಬಂದರೂ ಮೊದಲ ಮಾತು ಇದೇ ಎಂದು ಆಮೇಲೆ ತಿಳಿಯಿತು. ಗಾಡಿಯ ಹೆಸರು ಅವರಿಗೆ ಬೇಕಿರಲಿಲ್ಲ. "ಎಸರು ಕಂಪ್ನಿಯೋನು ಇಟ್ಟಿದ್ದು. ಒಳಗೆ ನೀವೇನ್ ಆಕ್ಕೊಂಡಿದ್ದೀರೋ ಅವ್ನಿಗೇನ್ ಗೊತ್ತು?"

ಕಂಬಿ ಮೇಜಿನ ಮೇಲೆ ಮಲಗಿತು. ಅವರು ಅಂಗಡಿಯಿಂದ ಅರ್ಧ ಮೈ ಹೊರಗೆ ಹಾಕಿ ಹೂವಿನವಳ ಕಡೆ ಕೈ ಚಾಚಿದರು. ಅವಳು ಕೇಳದೆಯೇ ಒಂದು ಮೊಳ ಬಿಳಿ ದಾರ ಕತ್ತರಿಸಿ ಕೊಟ್ಟಳು. ಬುಷ್ ಕೂರುವ ಜಾಗದಲ್ಲಿ ಆ ದಾರವನ್ನು ಕಂಬಿಗೆ ಒಂದು ಸುತ್ತು ಹಾಕಿ, ಸೇರಿದ ಕಡೆ ಉಗುರಿನಿಂದ ಗುರುತು ಮಾಡಿದರು. ಮೇಜಿನ ಅಂಚಿನಲ್ಲಿ ಹಿತ್ತಾಳೆಯ ಸಣ್ಣ ಮೊಳೆಗಳ ಸಾಲಿತ್ತು, ಅವರೇ ಹೊಡೆದದ್ದು. ಒಂದೊಂದು ಮೊಳೆ ಒಂದೊಂದು ಬುಷ್‌ನ ಅಳತೆ. ದಾರವನ್ನು ಆ ಸಾಲಿಗೆ ಹಿಡಿದರು. ಅಳೆಯುವ ಸ್ಟೀಲಿನ ಉಪಕರಣ ಅವರ ಹತ್ತಿರ ಇಲ್ಲದೆ ಇರಲಿಲ್ಲ, ಗೋಡೆಯಲ್ಲಿ ನೇತಾಡುತ್ತಿತ್ತು. ಅದು ಎರಡು ಕಡೆ ಮಾತ್ರ ಮುಟ್ಟುತ್ತದೆ, ಸವೆದ ಕಂಬಿ ಸುತ್ತಲೂ ಒಂದೇ ಸಮ ಇರುವುದಿಲ್ಲ, ದಾರವಾದರೆ ಮೈಯೆಲ್ಲ ಬಳಸಿಕೊಂಡು ಬರುತ್ತದೆ ಎಂಬುದು ಅವರ ವಾದ.

"ಕಂಬಿ ಮೇಲೆ ಇಪ್ಪತ್ನಾಲ್ಕು ಮಿಲಿಮೀಟ್ರು ಅಂತ ಬರ್ದವ್ರೆ. ಬುಷ್ ಕೂರೋ ಕಡೆ ಸವೆದು ಇಪ್ಪತ್ಮೂರಾಗ್ಯದೆ. ಬರೆದಿದ್ದು ನಂಬ್ಕೊಂಡು ಆಕಿದ್ರೆ ಟಕ್ ಟಕ್ ಓಗ್ತಿರ್ಲಿಲ್ಲ."

ಆಮೇಲೆ ಹಳೆಯ ಬುಷ್ ಕೈಗೆತ್ತಿಕೊಂಡರು. ಆ ಉಗುರಿನ ಕೆಲಸ ಆಗ ಗೊತ್ತಾಯಿತು. ಉಗುರನ್ನು ರಬ್ಬರಿಗೆ ಒತ್ತಿ ತೆಗೆಯುವರು. ಗುರುತು ಮಾಯವಾದರೆ, "ಜೀವ ಅದೆ." ಹಾಗೇ ಉಳಿದರೆ, "ಓಗ್ಯದೆ." ನಮ್ಮ ಬುಷ್‌ನಲ್ಲಿ ಉಗುರು ನೆನೆದ ಅವಲಕ್ಕಿಯಲ್ಲಿ ಇಳಿದ ಹಾಗೆ ಇಳಿದುಹೋಯಿತು. ಆ ಗುಳಿಯನ್ನು ನೋಡಿ ನನಗೆ ಹಿಂದಿನ ಸಂಜೆ ನೋಡಿದ ಪಾದ ನೆನಪಾಯಿತು. ಅವರು ಬುಷ್ ಅನ್ನು ಮೂಗಿನ ಹತ್ತಿರ ಹಿಡಿದರು. ನನ್ನನ್ನು ನೋಡಿದರು. ಮತ್ತೆ ಮೂಸಿದರು.

"ಎಳ್ಳೆಣ್ಣೆ."

ನಾನು ಕಂಬಿ ಜಾರದ ಹಾಗೆ ಅದರ ತುದಿ ಹಿಡಿದುಕೊಂಡೆ.

"ಯಾರ್ ಬಿಟ್ಟಿದ್ದು?"

"ನಾನೇ. ಸದ್ದು ಬರ್ತಿತ್ತು. ದೇವರ ದೀಪದ್ದು ಉಳಿದಿತ್ತು, ಅದಕ್ಕೆ..."

"ಎಷ್ಟ್ ಸಲ?"

"ಶನಿವಾರ ಶನಿವಾರ."

ಅವರು ನಗಲಿಲ್ಲ. ಬುಷ್ ಅನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಎಣ್ಣೆ ಕುಡುದ್ರೆ ರಬ್ಬರ್ ಊದ್ಕೊಂತದೆ ತಾಯಿ. ಊದ್ಕೊಂಡು, ಮೆತ್ತಗಾಗಿ, ಅರ್ದೋಗ್ತದೆ. ಎಣ್ಣೆ ದೇವ್ರಿಗೆ ಆಕಿ. ಇದಕ್ಕೆ ಬ್ಯಾಡ."

ಅಂದರೆ ಆ ಸದ್ದು ನಾನು ಮಾಡಿದ್ದು. ಕಂಬಿ ಬಿಚ್ಚುವಂತಾದದ್ದು ನನ್ನಿಂದ. ನಮ್ಮವರು ಗೋಡೆಯ ಕಡೆ ತಿರುಗಿ ಕೂತದ್ದೂ ನನ್ನಿಂದಲೇ. ಹೀಗೆ ಒಂದಕ್ಕೊಂದು ಪೋಣಿಸುತ್ತ ನಾನು ಅಲ್ಲೇ ನಿಂತಿದ್ದೆ. ಅಳು ಬರಬೇಕಿತ್ತು. ಬರಲಿಲ್ಲ. ಹೂವಿನವಳ ಬುಟ್ಟಿಯ ಸೇವಂತಿಗೆಯನ್ನು ನೋಡುತ್ತ ನಿಂತಿದ್ದೆ ಅಷ್ಟೆ. ಅವರು ಒಂದು ಸ್ಟೂಲು ಎಳೆದು ಕೊಟ್ಟರು.

"ಒಳ್ಳೇದು ಕೊಡಿ ಅಣ್ಣಾ. ಗಟ್ಟಿಯಾಗಿರೋದು. ಆ ಕೆಂಪುದೇ ಕೊಡಿ."

ಕೆಂಪಿನದೊಂದು, ಕಪ್ಪಿನದೊಂದು ಎರಡನ್ನೂ ಅವರು ಮುಂದಿಟ್ಟರು. ಆಮೇಲೆ ಕೇಳಿದರು:

"ಗಾಡೀಲಿ ಯಾರ್ ಕೂರ್ತಾರೆ?"

ಬೆಳಗಿನಿಂದ ಮೂರು ಅಂಗಡಿಯವರು ಏನೇನೋ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನು ಎಲ್ಲ ಹೇಳಿಬಿಟ್ಟೆ. ಸೂಜಿ, ಮೇಲ್ಸೇತುವೆಯ ತಿರುವು, ನರ್ಸಮ್ಮನ ಫೋನು, ನಾಳೆ ಶನಿವಾರ ಎನ್ನುವುದು. ಕೇಳುತ್ತ ಕೇಳುತ್ತ ಅವರು ಕೆಂಪಿನದನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿದರು.

"ಇದು ಬಿಗಿ. ರೋಡಲ್ಲಿ ಇರೋದನ್ನೆಲ್ಲ ಒಳಗ್ ಕೂತೋರಿಗೆ ವರದಿ ಕೊಡ್ತದೆ. ರಬ್ಬರ್ ಅಂಗಲ್ಲ. ಸವೀತದೆ, ಬೇಗ ಓಗ್ತದೆ. ಆದ್ರೆ ಇರೋಗಂಟ ಎಲ್ಲಾನೂ ಒಟ್ಟೆಗಾಕ್ಕೊಂತದೆ."

ಕಪ್ಪಿನದನ್ನು ಕಂಬಿಗೆ ಹಾಕಿ, ಹಿಡಿಕೆಯೊಳಗೆ ಕೂರಿಸಿ, ಸುತ್ತಲೂ ಉಗುರು ಆಡಿಸಿದರು. ಉಗುರು ಎಲ್ಲೂ ಒಳಗೆ ಹೋಗಲಿಲ್ಲ. ಕಂಬಿಗೂ ಸರಿ, ಹಿಡಿಕೆಗೂ ಸರಿ. ಹುಡುಗರಿಗೆ ಕೆಂಪಿನದನ್ನು ಸುಮ್ಮನೆ ಮಾರಿದವರು ನನಗೆ ಬೇಡವೆಂದದ್ದು ಯಾಕೆ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಉತ್ತರ ಗೊತ್ತಿತ್ತು.

ತಮಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬನನ್ನು ಅವರೇ ನಮ್ಮ ಮನೆಗೆ ಕಳಿಸಿದರು. ಮಧ್ಯಾಹ್ನ ಕಂಬಿ ಜಾಗಕ್ಕೆ ಕೂತಿತು. ನಮ್ಮವರು ಕಿಟಕಿಯಿಂದ ನೋಡಲೂ ಇಲ್ಲ. "ಏನ್ ಹಾಕ್ಸಿದ್ರೂ ನಾನ್ ಬರಲ್ಲ" ಎಂದು ಹೊದ್ದುಕೊಂಡರು.

ಶನಿವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಸ್ಕೂಟರ್ ಸದ್ದು. ಅಂಗಡಿಯವರು. ಬಿಳಿ ಪಂಚೆ, ತಲೆಗೆ ಮಫ್ಲರ್. ಅವರ ಒಂದು ಪದ್ಧತಿಯನ್ನು ಹೂವಿನವಳು ಆಮೇಲೆ ನನಗೆ ಹೇಳಿದಳು. ಗಾಡಿಯಲ್ಲಿ ಯಾರಿಗೆ ತೊಂದರೆಯೋ ಅವರ ಜಾಗದಲ್ಲಿ ತಾವೇ ಕೂತು ನೋಡಿದ ಹೊರತು ಅವರಿಗೆ ಸಮಾಧಾನವಿಲ್ಲವಂತೆ. ಶಾಲೆಯ ವ್ಯಾನಿನ ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಕೂತು ಹೋಗಿದ್ದಾರೆ. ಒಂದು ಸಲ ಆಂಬುಲೆನ್ಸಿನಲ್ಲಿ ಮಲಗಿಯೂ ಬಿಟ್ಟಿದ್ದರಂತೆ.

"ಎಲ್ ಕೂರ್ತಾರೆ?" ಎಂದು ಕೇಳಿ, ನಮ್ಮವರ ಸೀಟಿನಲ್ಲಿ ಕೂತು, ಸೀಟನ್ನು ಅವರು ಒರಗಿಸುವಷ್ಟೇ ಒರಗಿಸಿ ಕಣ್ಣು ಮುಚ್ಚಿದರು. "ಓಡ್ಸಿ ತಾಯಿ. ನಿಧಾನ ಮಾಡ್ಬ್ಯಾಡಿ, ದಿನಾ ಎಂಗೋ ಅಂಗೇ."

ಬೀದಿಯ ಎರಡು ಹಂಪು, ಕಾಲೇಜಿನ ಪಕ್ಕದ ಗುಂಡಿ ರಸ್ತೆ, ಒಂದು ಇಕ್ಕಟ್ಟಾದ ತಿರುವು. ಕೈಯನ್ನು ಬಾಗಿಲಿಗೆ ತಾಗಿಸಿ ಇಟ್ಟುಕೊಂಡೇ ಇದ್ದರು, ನಮ್ಮವರ ಪಟ್ಟಿ ಕಟ್ಟಿದ ಕೈ ಇರುವ ಹಾಗೆ. ವಾಪಸು ಬಂದಾಗ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ತಮ್ಮ ಸೀಟಿನಲ್ಲಿ ಯಾರೋ ಮುದುಕ ಕಣ್ಣು ಮುಚ್ಚಿ ಕೂತದ್ದು ಅವರಿಗೆ ಅರ್ಥವಾಗಿರಲಿಲ್ಲ.

"ಯಾರ್ರೀ ನೀವು?"

"ಬುಷ್ ಮಾರೋನು ಸಾರ್. ನಿಮ್ ಜಾಗದಲ್ಲಿ ಕೂತ್ಬಿಟ್ಟಿದೀನಿ. ಬಂದ್ ಎಬ್ಸಿ."

"ಏನ್ ಹಾಕಿದೀರಿ? ಪಾಲಿನಾ?"

"ರಬ್ಬರ್."

"ಪಾಲಿ ಹಾಕ್ಬೇಕಿತ್ತು."

"ಪಾಲಿ ರೇಸ್ ಒಡೆಯೋರ್ಗೆ ಸಾರ್. ನೀವ್ ಎಲ್ಲಿಗೋಗ್ತೀರಿ?"

"ಹೆಬ್ಬಾಳಕ್ಕೆ."

"ಇನ್ನೇನ್ ಮತ್ತೆ!"

ನಮ್ಮವರ ತುಟಿ ಅಲುಗಿತು. ಎಷ್ಟು ತಿಂಗಳಿಗೋ. ಮೆಟ್ಟಿಲಿಳಿದು, ಊದಿದ ಕಾಲಿನಲ್ಲಿ ನಿಧಾನವಾಗಿ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು.

"ಹಳೇದು ಹಾಕ್ಸಿ ಜಾಸ್ತಿ ದಿನ ಆಗಿರ್ಲಿಲ್ಲ. ಯಾಕ್ ಅಷ್ಟ್ ಬೇಗ ಹೋಯ್ತು?"

ಅಂಗಡಿಯವರು ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ದೊಡ್ಡದು.

"ಬೆಂಗ್ಳೂರ್ ರೋಡ್ ಸಾರ್. ರಬ್ಬರ್ ತಾನೇ ಏನ್ ಮಾಡ್ತದೆ."

ಸೀಟಿನಿಂದ ಎದ್ದು, ಬಾಗಿಲು ಹಿಡಿದು ನಿಂತರು. ನಮ್ಮವರು ಕೂತರು. ಪೂರ್ತಿ ಒಪ್ಪಿ ಅಲ್ಲ, ಆ ಮುದುಕರು ಬಾಗಿಲು ಹಿಡಿದು ಕಾಯುತ್ತಿದ್ದಾರಲ್ಲ ಎಂಬ ದಾಕ್ಷಿಣ್ಯಕ್ಕೆ. ಸಂಜಯನಗರ ದಾಟಿದೆವು, ಮೇಲ್ಸೇತುವೆಯ ತಿರುವು ಬಂತು. ಕಾರು ವಾಲಲಿಲ್ಲ. ಆ ದಿನ ಯಂತ್ರ ಅವರ ಮೈಯಿಂದ ಮೂರೂವರೆ ಲೀಟರ್ ನೀರು ಎಳೆಯಿತು. ಇನ್ನೊಂದು ದಿನ ತಡವಾಗಿದ್ದರೆ ಎಂದು ನರ್ಸಮ್ಮ ಮಾತು ಮುಗಿಸಲಿಲ್ಲ. ಸಂಜೆ ದೀಪದ ಮುಂದೆ ಎಣಿಸಲು ಕೂತಾಗ, ಅಂಗಡಿಯವರ ಆ ಒಂದು ಸುಳ್ಳನ್ನು ಎಷ್ಟನೆಯದಾಗಿ ಎಣಿಸಬೇಕೆಂದು ತಿಳಿಯಲಿಲ್ಲ. ಸುಳ್ಳನ್ನು ದೇವರ ಮುಂದೆ ಇಡಬಹುದೇ ಎಂದೂ ತಿಳಿಯಲಿಲ್ಲ. ಇಟ್ಟೆ.

ಆಮೇಲಿನ ಎರಡು ವರ್ಷ ನಮ್ಮವರು ಒಂದು ದಿನವೂ ತಪ್ಪಿಸಲಿಲ್ಲ. ಹಾಗೆಂದು ಮಾತೂ ಆಡಲಿಲ್ಲ. ನಾನು "ಹೊರಡೋಣ" ಅಂದರೆ ಏಳುವರು, ಅಷ್ಟೆ. ಎರಡು ಮೂರು ತಿಂಗಳಿಗೊಮ್ಮೆ ಡಯಾಲಿಸಿಸ್ ಮುಗಿಸಿ ಬರುವಾಗ ನಾನು ಗಲ್ಲಿಯ ತುದಿಯಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ಅಂಗಡಿಯವರು ಬಂದು, ಚಕ್ರ ತಿರುಗಿಸಿ, ಕೈ ಹಿಂದಕ್ಕೆ ತೂರಿಸಿ ಬುಷ್‌ಗೆ ಉಗುರು ಒತ್ತುವರು. ಬೆರಳು ಮೂಸುವರು. "ಜೀವ ಅದೆ" ಎಂದು ಹೋಗುವರು. ಮೂಸುವುದು ಯಾಕೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಒಂದು ಸಲ ಬುಷ್ ಬದಲಾಯಿಸಿದರು. ಆ ದಿನವೂ ಹೂವಿನ ದಾರ ಸುತ್ತಿಯೇ ಅಳೆದರು. ಹಳೆಯ ಅಳತೆ ಇದೆಯಲ್ಲ ಎಂದರೆ, "ಓದ್ ವರ್ಷದ ಅಳತೆ ಓದ್ ವರ್ಷಕ್ಕೆ" ಎಂದರು. ಹಾಗೆ ನೋಡಿದ್ದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ, ನಾನು ಒಯ್ದ ಪ್ರಸಾದವನ್ನು ಮಾತ್ರ ತಗೊಳ್ಳುತ್ತಿದ್ದರು, ಎಡಗೈಯನ್ನು ಬಲಗೈಗೆ ಆನಿಸಿ, ಆ ಉಗುರು ಸಿಹಿಗೆ ತಾಗದ ಹಾಗೆ.

ಈ ವರ್ಷ ಯುಗಾದಿ ಕಳೆದ ಒಂದು ಗುರುವಾರ ಹೀಗೆಯೇ ಹೋದೆವು. ಅಂಗಡಿಯ ಬಾಗಿಲು ಹಾಕಿತ್ತು. ಹೂವಿನವಳು ಕೂತಿದ್ದಳು, ಆದರೆ ಕಟ್ಟುತ್ತಿರಲಿಲ್ಲ.

"ಬೆಳಿಗ್ಗೆನೇ ಓಗ್ಬಿಟ್ರು ಕಣಮ್ಮ. ಕಾಫಿ ಕುಡೀತಾ ಕೂತೋರು ಅಂಗೇ. ದಾಸರಹಳ್ಳಿ ಮನೇಲವ್ರೆ, ನಾಕ್ ಗಂಟೆಗೆ ಎತ್ತಾರಂತೆ. ನಾನು ಆರ ಕೊಟ್ಟು ಈಗ ಬಂದೆ."

ಕಾರಿಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಡಯಾಲಿಸಿಸ್ ಆಗಿ ಬಿಳಿಚಿಕೊಂಡು ಒರಗಿದ್ದರು. "ನಿಮ್ಮನ್ನ ಮನೇಲಿ ಬಿಟ್ಟು ಹೋಗ್ಬರ್ತೀನಿ" ಅಂದೆ.

"ಬೇಡ. ನಡಿ."

ದಾಸರಹಳ್ಳಿಯ ಆ ಬೀದಿಯಲ್ಲಿ ಶಾಮಿಯಾನ ಹಾಕಿದ್ದರು. ನಮ್ಮವರು ಕಾರಿನಲ್ಲೇ ಕೂತರು. ನಾನು ಒಳಗೆ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಎರಡು ಕೈಯನ್ನೂ ಎದೆಯ ಮೇಲೆ ಕೂಡಿಸಿ, ಹೆಬ್ಬೆರಳುಗಳನ್ನು ಬಿಳಿ ದಾರದಿಂದ ಕಟ್ಟಿದ್ದರು. ನಮ್ಮಲ್ಲಿ ಹಾಗೆ ಕಟ್ಟುವುದು ವಾಡಿಕೆ, ಎಷ್ಟೋ ಸಾವಿನ ಮನೆಯಲ್ಲಿ ನೋಡಿದ್ದೇನೆ. ಆದರೆ ಆ ದಾರ ಹೂವು ಕಟ್ಟುವ ದಾರ. ಉಗುರು ಹಾಗೇ ಇತ್ತು. ಸ್ನಾನ ಮಾಡಿಸಿದರೂ ತುದಿಯ ಕಪ್ಪು ಹೋಗಿರಲಿಲ್ಲ.

ನಾನು ಅದನ್ನೇ ನೋಡುತ್ತ ನಿಂತೆ. ಆಗಲೂ ಅಳು ಬರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳನ್ನು ನೋಡಿದೆ, ಊದುಬತ್ತಿಯ ಬೂದಿ ಬಾಗಿ ಬೀಳುವುದನ್ನು ನೋಡಿದೆ. ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿ ನನ್ನನ್ನು ಕರೆದರು.

"ಯಾರಮ್ಮ ನೀವು?"

"ಅಂಗಡಿಗೆ ಬರ್ತಿದ್ದೆ. ಮತ್ತಿಕೆರೆಯಿಂದ. ಕಾರಿನ ಬುಷ್‌ಗೆ."

ಅವರು ನನ್ನ ಮುಖ ದಿಟ್ಟಿಸಿದರು. ಅತ್ತು ಊದಿದ ಕಣ್ಣು.

"ಎಳ್ಳೆಣ್ಣೆ ತಾಯೀನಾ?"

ನಾನು ತಲೆಯಾಡಿಸಿದೆ.

"ಏಳ್ತಿದ್ರು. ಗಾಡಿಗೂ ದೇವ್ರೆಣ್ಣೆ ಬಿಡೋರು ಒಬ್ರವ್ರೆ ಕಣೆ, ಗಂಡನ್ನ ಉಳಿಸ್ಕೊಳಕ್ಕೆ ಏನೇನ್ ಮಾಡ್ತದೆ ಆ ಎಣ್ಣು ಅಂತ. ಶನಿವಾರ ನಾನು ದೀಪ ಅಚ್ಚುವಾಗೆಲ್ಲ, ಅವ್ರೆಸ್ರಲ್ಲೂ ಒಂದ್ ಬತ್ತಿ ಇಡು ಅನ್ನೋರು."

ಹೊರಗೆ ಬಂದು, ಬೀದಿಯ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಕಾರು ಹತ್ತಿದೆ. ತುಮಕೂರು ರಸ್ತೆಗೆ ಬಂದೆವು. ಎರಡು ವರ್ಷ ಯಾರದೋ ಮನೆಯಲ್ಲಿ ನನಗಾಗಿ ಒಂದು ಬತ್ತಿ ಉರಿದಿತ್ತು. ನಾನು ಎಣಿಸಿದ್ದರಲ್ಲಿ ಅದು ಸೇರಿರಲಿಲ್ಲ. ಅಂಗಡಿಯವರು ನನ್ನ ತಪ್ಪನ್ನು ನಮ್ಮವರಿಂದ ಮುಚ್ಚಿಟ್ಟಿದ್ದರು. ಈಗ ಅವರಿಲ್ಲ. ಆ ಸುಳ್ಳನ್ನು ಇನ್ನು ಒಬ್ಬಳೇ ಹೊತ್ತುಕೊಳ್ಳಲು ನನಗೆ ಆಗಲಿಲ್ಲ.

"ಒಂದ್ ಮಾತು ಹೇಳ್ಬೇಕು" ಅಂದೆ. "ಆವಾಗ ಆ ಬುಷ್ ಹಾಳಾಗಿದ್ದು ರೋಡಿಂದಲ್ಲ. ನಾನು ಎಣ್ಣೆ ಬಿಟ್ಟಿದ್ದೆ."

ನಮ್ಮವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಗೊತ್ತು."

"ಹೇಗೆ?"

"ಶನಿವಾರ ಕಾರೆಲ್ಲ ಶನಿಮಹಾತ್ಮನ ಗುಡಿ ಥರ ವಾಸನೆ ಬರ್ತಿತ್ತು. ಇಪ್ಪತ್ತು ವರ್ಷ ಗಾಡಿ ಕೆಳಗೆ ಮಲಗಿರೋನು ನಾನು, ಗೊತ್ತಾಗಲ್ವಾ?"

"ಮತ್ತೆ ಅವ್ರನ್ನ ಯಾಕ್ ಕೇಳಿದ್ರಿ, ಯಾಕ್ ಬೇಗ ಹೋಯ್ತು ಅಂತ?"

ಮುಂದೆ ಒಂದು ಹಂಪು ಕಾಣುತ್ತಿತ್ತು.

"ಏನ್ ಹೇಳ್ತಾರೆ ನೋಡೋಣ ಅಂತ. ನಿನ್ ಮೇಲೆ ಹಾಕಿದ್ರೆ ಅವತ್ತು ನಾನು ಕಾರ್ ಹತ್ತುತಿರ್ಲಿಲ್ಲ."

ಹಂಪು ಹತ್ತಿದೆ, ಇಳಿದೆ. ಕೆಳಗಿನಿಂದ ಒಂದು ಸದ್ದೂ ಬರಲಿಲ್ಲ. ಇಬ್ಬರೂ ಕಿವಿಗೊಟ್ಟಿದ್ದೆವು.

ಮತ್ತಿಕೆರೆಯ ತಿರುವಿನಲ್ಲಿ ಅವರು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಶನಿವಾರ ಎಷ್ಟೊತ್ತಿಗೆ ಹೊರಡೋದು?" ಎಂದು ಕೇಳಿದರು. ಎರಡು ವರ್ಷದಲ್ಲಿ ಅವರಾಗಿಯೇ ಅದನ್ನು ಕೇಳಿದ್ದು ಅದೇ ಮೊದಲು.

"ಏಳಕ್ಕೆ" ಅಂದೆ.